ತೊಗಲಿನ ವಯಸ್ಸು, ಅಮ್ಮನ ವಯಸ್ಸು

ಅಮ್ಮ ತೀರಿಕೊಂಡ ಮೂರನೆಯ ತಿಂಗಳಿಗೆ ಗೋರಿಯ ತಲೆಯ ಕಡೆ ಒಂದು ಸಣ್ಣ ಕಲ್ಲು ನಿಲ್ಲಿಸೋಣವೆಂದು ತಮ್ಮ ಹೇಳಿದ. ಕಲ್ಲು ಕೆತ್ತುವವನು ನಮ್ಮೂರಿನವನೇ. ಅಮ್ಮನ ಹೆಸರು ಬರೆದುಕೊಂಡ, ಅಪ್ಪನ ಹೆಸರು ಬರೆದುಕೊಂಡ, ತೀರಿಕೊಂಡ ತಾರೀಖು ಬರೆದುಕೊಂಡ. ಆಮೇಲೆ ಪೆನ್ಸಿಲು ಎತ್ತಿ ಹಿಡಿದು, "ಹುಟ್ಟಿದ್ದು?" ಎಂದು ಕೇಳಿದ. ನಾನು ತಮ್ಮನ ಮುಖ ನೋಡಿದೆ, ತಮ್ಮ ನನ್ನ ಮುಖ ನೋಡಿದ.

ಅಮ್ಮನಿಗೆ ನಾಲ್ಕು ವಯಸ್ಸುಗಳಿದ್ದವು. ರೇಷನ್ ಕಾರ್ಡಿನಲ್ಲಿ ಒಂದು, ಮತದಾರರ ಗುರುತಿನ ಚೀಟಿಯಲ್ಲಿ ಇನ್ನೊಂದು, ಆಧಾರಿನಲ್ಲಿ ಮತ್ತೊಂದು. ಆಧಾರಿನ ಪ್ರಕಾರ ಅವಳು ಹುಟ್ಟಿದ್ದು 1955ರ ಜನವರಿ 1ರಂದು. ನಮ್ಮೂರಿನ ಅರ್ಧಕ್ಕರ್ಧ ಮುದುಕಿಯರು ಜನವರಿ 1ರಂದೇ ಹುಟ್ಟಿದವರು. ಶಾಲೆಗೆ ಹೋದ ನನ್ನ ವಾರಗೆಯವರಾದರೋ ಹೆಚ್ಚಿನವರು ಜೂನ್ 1ರಂದು ಹುಟ್ಟಿದವರು. ನಾಲ್ಕನೆಯದು ಅಮ್ಮ ತಾನೇ ಹೇಳುತ್ತಿದ್ದ ವಯಸ್ಸು. "ಪೊಲೀಸ್ ಆಕ್ಷನ್ ಆತಲ್ಲ, ಆವಾಗ ನಾ ನಮ್ಮವ್ವನ ಹೊಟ್ಯಾಗ ಇದ್ದೆ. ಬಿಳಿಜೋಳದ ಸುಗ್ಗ್ಯಾಗ ಹುಟ್ಟಿದೆ."

ಹೈದರಾಬಾದ್ ಸಂಸ್ಥಾನದೊಳಕ್ಕೆ ಭಾರತದ ಸೈನ್ಯ ಬಂದದ್ದು 1948ರ ಸೆಪ್ಟೆಂಬರ್ 13ರಂದು. ಸೈನ್ಯದ ಕೆಲಸ ಐದು ದಿನದಲ್ಲಿ ಮುಗಿಯಿತು. ಊರೂರುಗಳಲ್ಲಿ ಅದು ಮುಗಿಯಲು ಹೆಚ್ಚು ದಿನ ಹಿಡಿಯಿತು. ಬಸುರಿಯಾಗಿದ್ದ ಅಜ್ಜಿ ಒಂದು ಗಂಟು ಹೊತ್ತು ರಾತ್ರೋರಾತ್ರಿ ಊರು ಬಿಟ್ಟು, ಲಿಂಗಾಯತರ ಮನೆಯೊಂದರ ಹಗೇವಿನ ಪಕ್ಕದ ಕೋಣೆಯಲ್ಲಿ ವಾರಗಟ್ಟಲೆ ಇದ್ದಳಂತೆ. ಆ ಗಂಟಿನಲ್ಲಿ ಬಟ್ಟೆಯ ನಡುವೆ ಒಂದು ಕುರ್‌ಆನ್ ಪ್ರತಿ ಇತ್ತು. ಅದೇ ಪ್ರತಿಯಲ್ಲಿ ಅಮ್ಮ ಪ್ರತಿ ಶುಕ್ರವಾರ 'ಕಹಫ್' ಅಧ್ಯಾಯ ಓದುತ್ತಿದ್ದಳು. ಹಾಗೆ ಲೆಕ್ಕ ಹಾಕಿದರೆ ಅಮ್ಮ ಹುಟ್ಟಿದ್ದು 1949ರ ಮೊದಲ ತಿಂಗಳುಗಳಲ್ಲಿ. ಆದರೆ ಅದಕ್ಕೆ ಕಾಗದವಿಲ್ಲ.

ಕಲ್ಲು ಕೆತ್ತುವವನ ಪ್ರಶ್ನೆ ಕೇಳಿದಾಗ ನನಗೆ ನೆನಪಾದದ್ದು ಕಾರ್ಬನ್-14. ಓದುಗರಿಗೆ ಇದು ವಿಚಿತ್ರ ಅನ್ನಿಸಬಹುದು. ನನಗೂ ಅನ್ನಿಸಿತು. ಅದಕ್ಕೇ ಇದನ್ನು ಬರೆಯಲು ಕುಳಿತಿದ್ದೇನೆ.

ನಾನು ಏಳನೆಯವರೆಗೆ ಓದಿದ್ದು ಉರ್ದು ಶಾಲೆಯಲ್ಲಿ. ಅಲ್ಲಿನ ಮಾಸ್ತರರು ಮಳೆ ಬಂದು ಹೊರಗೆ ಬಿಡಲಾಗದ ದಿನಗಳಲ್ಲಿ ಗುಹೆಯ ಯುವಕರ ಕಥೆ ಹೇಳುತ್ತಿದ್ದರು. ಕ್ರೂರ ದೊರೆಯೊಬ್ಬನಿಗೆ ಹೆದರಿ ಕೆಲವು ಯುವಕರು ಒಂದು ಗುಹೆ ಹೊಕ್ಕು ಮಲಗುತ್ತಾರೆ. ಬಾಗಿಲಲ್ಲಿ ಅವರ ನಾಯಿ ಮುಂಗಾಲು ಚಾಚಿ ಮಲಗುತ್ತದೆ. ಎದ್ದ ಮೇಲೆ ಎಷ್ಟು ಹೊತ್ತು ಮಲಗಿದ್ದೆವೆಂದು ತಮ್ಮತಮ್ಮಲ್ಲೇ ಕೇಳಿಕೊಳ್ಳುತ್ತಾರೆ. ಒಂದು ದಿನವಿರಬೇಕು, ಅಥವಾ ಅದಕ್ಕೂ ಕಡಿಮೆ ಎಂದುಕೊಳ್ಳುತ್ತಾರೆ. ಊಟ ತರಲು ಒಬ್ಬನ ಕೈಗೆ ಬೆಳ್ಳಿಯ ನಾಣ್ಯ ಕೊಟ್ಟು ಪೇಟೆಗೆ ಕಳಿಸುತ್ತಾರೆ. ಆ ನಾಣ್ಯ ನೋಡಿ ಅಂಗಡಿಯವನು ಹೌಹಾರಿದನೆಂದು ಮಾಸ್ತರರು ವ್ಯಾಖ್ಯಾನಕಾರರ ಮಾತು ಸೇರಿಸಿ ಹೇಳುತ್ತಿದ್ದರು. ಆ ಮುದ್ರೆಯ ದೊರೆ ಸತ್ತು ಮುನ್ನೂರು ವರ್ಷವಾಗಿತ್ತು! ನಮಗೆಲ್ಲ ಇಷ್ಟವಾಗುತ್ತಿದ್ದದ್ದು ಆ ನಾಯಿ. ಅದರ ಹೆಸರು ಕಿತ್ಮೀರ್ ಎಂದು ಹೇಳಿದಾಗ ನಮ್ಮ ಓಣಿಯ ನಾಯಿಗಳಿಗೆಲ್ಲ ಅದೇ ಹೆಸರಿಟ್ಟೆವು.

ಎಂಟನೆಯ ತರಗತಿಗೆ ಕನ್ನಡ ಹೈಸ್ಕೂಲು ಸೇರಿದೆ. ಅಲ್ಲಿಂದ ಹಂಪಿಗೆ ಪ್ರವಾಸ ಕರೆದುಕೊಂಡು ಹೋದರು. ಗುಡಿ, ಕಮಾನು, ಆನೆಲಾಯ ಎಲ್ಲ ನೋಡಿ ಸುಸ್ತಾದ ಮೇಲೆ ನಮ್ಮ ವಿಜ್ಞಾನದ ಸರ್ ಹತ್ತಿರದ ನಿಂಬಾಪುರದಲ್ಲಿ ಒಂದು ಬೂದಿಯ ದಿಬ್ಬ ತೋರಿಸಿದರು. ರಾಮಾಯಣದ ವಾಲಿಯನ್ನು ಸುಟ್ಟ ಬೂದಿ ಅದು ಎಂದು ಅಲ್ಲಿಯ ಜನ ನಂಬುತ್ತಾರೆ. ನಮ್ಮ ರಾಯಚೂರು, ಬಳ್ಳಾರಿ ಸೀಮೆಗಳಲ್ಲಿ ಇಂಥ ದಿಬ್ಬಗಳು ಅಲ್ಲಲ್ಲಿ ಇವೆ. ವಿದ್ವಾಂಸರು ಅಗೆದು ನೋಡಿ, ಇವು ಹೊಸ ಶಿಲಾಯುಗದ ದನಗಾಹಿಗಳ ದೊಡ್ಡಿಗಳು, ವರ್ಷವರ್ಷ ಕೂಡಿಬಿದ್ದ ಸಗಣಿ ಸುಟ್ಟು ಆದ ದಿಬ್ಬಗಳು ಎಂದು ಹೇಳಿದ್ದಾರೆ. ಕೃಷ್ಣೆಯ ಆಚೆ ಉಟ್ನೂರಿನ ದಿಬ್ಬವನ್ನು ರೇಮಂಡ್ ಆಲ್ಚಿನ್ 1957ರಲ್ಲಿ ಅಗೆದಾಗ ಬೂದಿಯ ಪದರದ ಮೇಲೆ ದನಗಳ ಗೊರಸಿನ ಗುರುತುಗಳು ಹಾಗೇ ಉಳಿದಿದ್ದವು. ಅಲ್ಲಿ ಸಿಕ್ಕ ಇದ್ದಿಲಿನ ವಯಸ್ಸು ನಾಲ್ಕು ಸಾವಿರ ವರ್ಷಕ್ಕೂ ಹೆಚ್ಚು.

"ಇದ್ದಿಲು ತನ್ನ ವಯಸ್ಸು ಹೆಂಗ ಹೇಳ್ತದ್ರಿ ಸರ್?" ಎಂದು ಕೇಳಿದವನು ನಾನೇ.

ಸರ್ ದಿಬ್ಬದ ಮೇಲೆಯೇ ಕುಳಿತು ಹೇಳಿದರು. ಬಾಹ್ಯಾಕಾಶದಿಂದ ಬರುವ ಕಿರಣಗಳು ಮೇಲಿನ ಗಾಳಿಗೆ ಬಡಿದಾಗ ಅಲ್ಲಿಯ ಸಾರಜನಕದ ಕೆಲವು ಪರಮಾಣುಗಳು ಕಾರ್ಬನ್-14 ಆಗಿ ಮಾರ್ಪಡುತ್ತವೆ. ಇದು ಸಾಮಾನ್ಯ ಇಂಗಾಲದ ಅಣ್ಣತಮ್ಮ, ಆದರೆ ತೂಕ ತುಸು ಹೆಚ್ಚು, ಸ್ವಭಾವ ಅಸ್ಥಿರ. ಗಾಳಿಯಲ್ಲಿ ಇದರ ಪ್ರಮಾಣ ಲಕ್ಷ ಕೋಟಿ ಇಂಗಾಲದ ಪರಮಾಣುಗಳಿಗೆ ಒಂದೋ ಎಂಬಷ್ಟು. ಗಿಡ ಅದನ್ನು ಗಾಳಿಯಿಂದ ಹೀರುತ್ತದೆ, ಗಿಡವನ್ನು ಆಡು ತಿನ್ನುತ್ತದೆ, ಎರಡನ್ನೂ ನಾವು ತಿನ್ನುತ್ತೇವೆ. "ಜೀವ ಇರೋತನಕ ಗಾಳಿ ಜೊತಿ ಕೊಡೋದು ತಗೊಳ್ಳೋದು ನಡದಿರ್ತದ. ಸತ್ತ ದಿನ ಅಂಗಡಿ ಬಂದ್. ಆಮ್ಯಾಲ ಒಳಗಿದ್ದ ಮಾಲು ಖರ್ಚಾಗ್ತಾ ಹೋಗ್ತದ." 5,730 ವರ್ಷಕ್ಕೆ ಅರ್ಧ ಉಳಿಯುತ್ತದೆ, ಮತ್ತೆ ಅಷ್ಟೇ ವರ್ಷಕ್ಕೆ ಅದರ ಅರ್ಧ. ಸುಮಾರು 50 ಸಾವಿರ ವರ್ಷ ದಾಟಿದರೆ ಅಳೆಯಲು ಏನೂ ಉಳಿಯುವುದಿಲ್ಲ. ಎಷ್ಟು ಉಳಿದಿದೆ ಎಂದು ಎಣಿಸಿದರೆ ಅಂಗಡಿ ಯಾವಾಗ ಮುಚ್ಚಿತು ಎಂದು ತಿಳಿಯುತ್ತದೆ.

ಆಮೇಲೆ ಓದಿ ತಿಳಿದದ್ದನ್ನೂ ಇಲ್ಲಿ ಸೇರಿಸುತ್ತೇನೆ. ಕಾರ್ಬನ್-14 ಇದೆಯೆಂದು 1940ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಕಂಡುಹಿಡಿದವರು ಮಾರ್ಟಿನ್ ಕಾಮೆನ್ ಮತ್ತು ಸ್ಯಾಮ್ ರೂಬೆನ್ ಎಂಬ ಇಬ್ಬರು ತರುಣರು. ಅದನ್ನು ಗಡಿಯಾರವಾಗಿ ಬಳಸುವ ದಾರಿ ತೋರಿದವರು ಷಿಕಾಗೋದ ವಿಲಾರ್ಡ್ ಲಿಬಿ. ಲಿಬಿ ಮೊದಲು ಅಳೆದದ್ದು ಕಾಲ ಗೊತ್ತಿದ್ದ ವಸ್ತುಗಳನ್ನೇ. ಈಜಿಪ್ಟಿನ ದೊರೆ ಜೋಸರನ ಸಮಾಧಿಯ ಮರದ ತುಂಡನ್ನು ಅಳೆದು, ಇತಿಹಾಸಕಾರರ ಲೆಕ್ಕಕ್ಕೆ ಹೋಲಿಸಿ ನೋಡಿದರು. 1960ರಲ್ಲಿ ಅವರಿಗೆ ನೊಬೆಲ್ ಬಂತು. ಗಾಳಿಯಲ್ಲಿ ಇದರ ಪ್ರಮಾಣ ಯಾವಾಗಲೂ ಒಂದೇ ಎಂದು ಲಿಬಿ ಭಾವಿಸಿದ್ದರು. ಅದು ಹಾಗಲ್ಲವೆಂದು ಆಮೇಲೆ ಗೊತ್ತಾಯಿತು. ಈಗ ಮರಗಳ ವರ್ಷದುಂಗುರಗಳನ್ನು ಒಂದೊಂದಾಗಿ ಎಣಿಸಿ ಸಿದ್ಧಪಡಿಸಿದ ಕೋಷ್ಟಕದಿಂದ ಲೆಕ್ಕವನ್ನು ತಿದ್ದಿಕೊಳ್ಳುತ್ತಾರೆ. ಅಷ್ಟಾದ ಮೇಲೂ ಪ್ರಯೋಗಾಲಯ ಒಂದು ವರ್ಷವನ್ನು ಹೇಳುವುದಿಲ್ಲ. ಈ ವರ್ಷದಿಂದ ಆ ವರ್ಷದೊಳಗೆ, ನೂರಕ್ಕೆ ಇಷ್ಟು ಖಾತ್ರಿ ಎಂದು ಹೇಳುತ್ತದೆ.

ನನ್ನ ಎರಡು ಶಾಲೆಗಳು, ಗುಹೆಯ ಕಥೆಯ ಶಾಲೆ ಮತ್ತು ಬೂದಿದಿಬ್ಬದ ಶಾಲೆ, ಒಂದೇ ದಿನ ಎದುರಾಗುತ್ತವೆಂದು ನಾನು ಎಣಿಸಿರಲಿಲ್ಲ. 2015ರ ಜುಲೈ 22ರಂದು ಹಾಗಾಯಿತು.

ಅಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯ ತನ್ನಲ್ಲಿರುವ ಕುರ್‌ಆನಿನ ಎರಡು ಚರ್ಮಪತ್ರಗಳ ಕಾಲನಿರ್ಣಯವನ್ನು ಪ್ರಕಟಿಸಿತು. ಮೊಸುಲ್ ಕಡೆಯ ಅಲ್ಫೋನ್ಸ್ ಮಿಂಗಾನಾ ಎಂಬ ಕ್ರೈಸ್ತ ಪಾದ್ರಿ 1920ರ ದಶಕದಲ್ಲಿ ಚಾಕೊಲೇಟ್ ವ್ಯಾಪಾರಿ ಮನೆತನದ ಎಡ್ವರ್ಡ್ ಕ್ಯಾಡ್ಬರಿಯವರ ದುಡ್ಡಿನಲ್ಲಿ ಸಂಗ್ರಹಿಸಿದ ಹಸ್ತಪ್ರತಿಗಳಲ್ಲಿ ಇವು ಸೇರಿದ್ದವು. ದಶಕಗಳ ಕಾಲ ಬೇರೊಂದು ಪ್ರತಿಯ ಹಾಳೆಗಳ ಜೊತೆ ತಪ್ಪಾಗಿ ಹೊಲಿದುಕೊಂಡು ಬಿದ್ದಿದ್ದವು. ಇವು ಬೇರೆ ಎಂದು ಗುರುತಿಸಿದವರು ಆಲ್ಬಾ ಫೆಡೆಲಿ ಎಂಬ ಸಂಶೋಧಕಿ. ಆಕ್ಸ್‌ಫರ್ಡಿನ ಪ್ರಯೋಗಾಲಯ ತೊಗಲಿನ ಚೂರೊಂದನ್ನು ಅಳೆದು ಕ್ರಿ.ಶ. 568ರಿಂದ 645ರೊಳಗೆ, ನೂರಕ್ಕೆ 95.4ರಷ್ಟು ಖಾತ್ರಿ ಎಂದಿತು. ಪ್ರವಾದಿ ಮುಹಮ್ಮದರು (ಸ) ಬದುಕಿದ್ದದ್ದು ಸುಮಾರು 570ರಿಂದ 632ರವರೆಗೆ.

ಸುದ್ದಿ ಮೊಬೈಲಿಗೆ ಬಂದ ಹೊತ್ತಿಗೆ ನನ್ನ ಕಣ್ಣು ತುಂಬಿ ಬಂತು. ಅದು ಭಕ್ತಿ. ಮುಂದಿನ ಐದು ನಿಮಿಷದಲ್ಲಿ ನಾನು ಮಾಡಿದ್ದು ಭಕ್ತಿಯಲ್ಲ. ಧರ್ಮಗ್ರಂಥಗಳೆಲ್ಲ ತೀರ ಆಮೇಲೆ ಕಟ್ಟಿದವು ಎಂದು ನನ್ನೊಡನೆ ವಾದಿಸುತ್ತಿದ್ದ ಒಬ್ಬ ಲೇಖಕ ಮಿತ್ರರಿಗೆ, 'ನೋಡಿ, ವಿಜ್ಞಾನವೇ ಹೇಳಿದೆ' ಎಂದು ಬರೆದು ಕಳಿಸಿದೆ. ಅವರು ಎರಡು ದಿನ ಸುಮ್ಮನಿದ್ದು ಒಂದೇ ಸಾಲು ಬರೆದರು: 568 ಎಂದರೆ ನಿಮ್ಮ ಪ್ರವಾದಿ ಹುಟ್ಟುವುದಕ್ಕೂ ಮುಂಚೆಯಲ್ಲವೇ? ಪತ್ರಿಕೆಗಳಲ್ಲೂ ಅದೇ ವಾದ ಶುರುವಾಗಿತ್ತು. ಕುರ್‌ಆನ್ ಪ್ರವಾದಿಗಿಂತ ಹಳೆಯದಿರಬಹುದೇ ಎಂದು ಕೆಲವರು ಕೇಳಿದರು. ನಾನು ಕೂಡಲೇ, ಇಂಥ ಪರೀಕ್ಷೆಗಳನ್ನೆಲ್ಲ ಪೂರ್ತಿ ನಂಬಲಾಗದು ಎಂದು ಉತ್ತರ ಬರೆದೆ. ಬರೆದು ಮುಗಿಸಿದ ಮೇಲೆ ನನಗೇ ನಾಚಿಕೆಯಾಯಿತು. ಮೊನ್ನೆ ನನ್ನ ಸಾಕ್ಷಿಯಾಗಿದ್ದವನನ್ನು ಇಂದು ನಾನೇ ಸುಳ್ಳುಗಾರನೆನ್ನುತ್ತಿದ್ದೆ. ಅವರು 77 ವರ್ಷಗಳ ಆ ಹಗ್ಗದ ಒಂದು ತುದಿ ಹಿಡಿದಿದ್ದರು, ನಾನು ಇನ್ನೊಂದು ತುದಿ. ನಡುವೆ ಇದ್ದದ್ದು ಇಬ್ಬರಿಗೂ ಬೇಕಿರಲಿಲ್ಲ.

ಆ ಶುಕ್ರವಾರ ಊರಿಗೆ ಹೋದಾಗ ಆ ಪುಟದ ಚಿತ್ರವನ್ನು ಅಮ್ಮನಿಗೆ ತೋರಿಸಿದೆ. ಹಿಜಾಜಿ ಲಿಪಿ, ಅಕ್ಷರಗಳು ಬಲಕ್ಕೆ ವಾಲಿವೆ, ಸ್ವರಚಿಹ್ನೆಗಳಿಲ್ಲ. ಅವಳಿಗೆ ಓದಲಾಗಲಿಲ್ಲ. ಕನ್ನಡಕ ಒರೆಸಿ ಮತ್ತೆ ನೋಡಿದಳು. ಆಮೇಲೆ ಕೇಳಿದ್ದು ನಾನಾಗಲಿ ನನ್ನ ಮಿತ್ರರಾಗಲಿ ಕೇಳದಿದ್ದ ಪ್ರಶ್ನೆ.

"ಯಾತರ ತೊಗಲಿದು? ಕುರಿದಾ, ಆಡಿಂದಾ?"

ಎರಡರಲ್ಲೊಂದು ಎಂದೆ. ಅಮ್ಮನ ಸೋದರಮಾವ ತೊಗಲಿನ ವ್ಯಾಪಾರಿ. ಉಪ್ಪು ಸವರಿ, ಬಿಗಿದು ಕಟ್ಟಿ, ಒಣಗಿಸಿ, ಉಜ್ಜಿ ಅಟ್ಟದಲ್ಲಿ ಪೇರಿಸಿಡುವುದನ್ನು ಅವಳು ಬಾಲ್ಯದಲ್ಲಿ ನೋಡಿದವಳು. ತೊಗಲಿನ ಚೂರು ಅಳೆದು ವಯಸ್ಸು ಹೇಳಿದ್ದಾರೆ ಎಂದು ವಿವರಿಸಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, "ಹಂಗಾರ ಅದನ್ನ ಕೊಯ್ದ ದಿನ ಗೊತ್ತಾತು. ಬರದ ದಿನ ಹೆಂಗ ಗೊತ್ತಾಗ್ತದ?" ಎಂದಳು.

ಇಡೀ ವಿವಾದದ ಮರ್ಮ ಅಷ್ಟೇ ಇತ್ತು. ಕಾರ್ಬನ್ ಹೇಳುವುದು ಪ್ರಾಣಿಯ ಉಸಿರು ನಿಂತ ಕಾಲವನ್ನು. ಅದರ ಮೇಲೆ ಮಸಿ ಬಿದ್ದ ಕಾಲವನ್ನಲ್ಲ. ತೊಗಲು ದುಬಾರಿ ವಸ್ತು, ಹದ ಮಾಡಿದವರು ಬಹಳ ಕಾಲ ಸುಮ್ಮನೆ ಇಟ್ಟಿರಲಾರರು ಎಂದು ಊಹಿಸಬಹುದು. ಆ ಊಹೆ ಸರಿಯೂ ಇರಬಹುದು. ಆದರೆ ಅದು ನಮ್ಮ ತರ್ಕ, ಯಂತ್ರದ ಅಳತೆಯಲ್ಲ. ಬರೆದ ಕಾಲ ತಿಳಿಯಲು ಲಿಪಿ ಬಲ್ಲವರನ್ನು ಕೇಳಬೇಕು. ಅವರಲ್ಲಿ ಕೆಲವರು ವಚನಗಳ ನಡುವಿನ ಗುರುತು, ಅಧ್ಯಾಯಗಳನ್ನು ಬೇರ್ಪಡಿಸಿದ ಬಗೆ ನೋಡಿ ಏಳನೆಯ ಶತಮಾನದಲ್ಲೇ ತುಸು ಈಚೆಗೆ ಎನ್ನುತ್ತಾರೆ. ಯೆಮನ್ನಿನ ಸನಾ ನಗರದ ದೊಡ್ಡ ಮಸೀದಿಯಲ್ಲಿ 1972ರಲ್ಲಿ ಸಿಕ್ಕ ಹಳೆಯ ಹಾಳೆಗಳ ವಿಷಯದಲ್ಲಂತೂ ಬೇರೆಬೇರೆ ಪ್ರಯೋಗಾಲಯಗಳ ಲೆಕ್ಕ ಒಂದಕ್ಕೊಂದು ಹೊಂದಲಿಲ್ಲ. ಒಂದು ಹಾಳೆಗೆ ಪ್ರವಾದಿಯವರ ಜನನಕ್ಕೂ ಹಿಂದಿನ ಕಾಲ ಬಂದದ್ದೂ ಉಂಟು. ಬೂದಿದಿಬ್ಬದಲ್ಲೂ ಇದೇ ಎಚ್ಚರ ಬೇಕು. ಹಳೆಯ ಮರದ ದಿಮ್ಮಿಯನ್ನು ಸುಟ್ಟಿದ್ದರೆ ಇದ್ದಿಲು ಹೇಳುವುದು ಮರದ ಕಾಲವನ್ನು, ಬೆಂಕಿಯ ಕಾಲವನ್ನಲ್ಲ.

ಆ ಪುಟದಲ್ಲಿ ಏನು ಬರೆದಿದೆಯೆಂದು ಅಮ್ಮ ಕೇಳಿದಳು. ಎರಡರಲ್ಲಿ ಒಂದು ಹಾಳೆಯಲ್ಲಿರುವುದು ಕಹಫ್ ಅಧ್ಯಾಯದ 17ರಿಂದ 31ರವರೆಗಿನ ವಚನಗಳು. ಅಂದರೆ ಅವಳು ಅಂದು ಬೆಳಿಗ್ಗೆಯಷ್ಟೇ ಓದಿ ಮುಗಿಸಿದ್ದ ಭಾಗ. ಗುಹೆಯ ಯುವಕರು ಎಚ್ಚೆತ್ತು ಎಷ್ಟು ಕಾಲ ಮಲಗಿದ್ದೆವೆಂದು ಕೇಳಿಕೊಳ್ಳುವುದು ಆ ಹಾಳೆಯಲ್ಲೇ ಇದೆ. ಬೆಳ್ಳಿಯ ನಾಣ್ಯವೂ ಅಲ್ಲಿದೆ. ಮುಂದೆ ಜನ ಜಗಳವಾಡುತ್ತಾರೆ. ಮೂವರಿದ್ದರು, ನಾಲ್ಕನೆಯದು ನಾಯಿ ಎನ್ನುತ್ತಾರೆ ಕೆಲವರು. ಐವರು, ಆರನೆಯದು ನಾಯಿ ಎನ್ನುತ್ತಾರೆ ಇನ್ನು ಕೆಲವರು. ಏಳು, ಎಂಟನೆಯದು ನಾಯಿ ಎನ್ನುವವರೂ ಇದ್ದಾರೆ. ಕಾಣದ್ದರ ಬಗ್ಗೆ ಕಲ್ಲು ಬೀರಿದಂತೆ ಊಹಿಸುವ ಈ ವಾದಕ್ಕೆ ಇಳಿಯಬೇಡ ಎಂದು ಪ್ರವಾದಿಯವರಿಗೇ ಸೂಚನೆ ಬರುತ್ತದೆ. ಆಮೇಲೆ ಮಲಗಿದ್ದ ಕಾಲ: ಮುನ್ನೂರು ವರ್ಷ, ಮೇಲೆ ಒಂಬತ್ತು. ಸೂರ್ಯನ ಲೆಕ್ಕದ 300 ವರ್ಷ ಚಂದ್ರನ ಲೆಕ್ಕದಲ್ಲಿ ಸುಮಾರು 309 ಆಗುತ್ತದೆಂದು ವ್ಯಾಖ್ಯಾನಕಾರರು ಹೇಳಿದ್ದಾರೆ. ಸಂಖ್ಯೆ ಹೇಳಿಯಾದ ಮೇಲೂ, ಅವರು ಎಷ್ಟು ಕಾಲ ಇದ್ದರೆಂದು ಚೆನ್ನಾಗಿ ಬಲ್ಲವನು ಅಲ್ಲಾಹನೇ ಎಂಬ ಮಾತು ಬರುತ್ತದೆ.

ನಾನು ಬಹಳ ಹೊತ್ತು ಮಾತಾಡಲಿಲ್ಲ. ಜಗತ್ತಿನ ಪಂಡಿತರೂ ನನ್ನಂಥ ಪಾಮರರೂ ಯಾವ ಹಾಳೆಯ ವಯಸ್ಸಿಗಾಗಿ ಕಚ್ಚಾಡಿದ್ದೆವೋ ಆ ಹಾಳೆಯಲ್ಲೇ ವಯಸ್ಸಿಗಾಗಿ ಕಚ್ಚಾಡಬೇಡಿರೆಂದು ಬರೆದಿತ್ತು. ನಾನು ಸುದ್ದಿಯನ್ನು ಓದಿದ್ದೆ, ಚಿತ್ರ ನೋಡಿದ್ದೆ, ಹಾಳೆಯನ್ನು ಓದಿರಲಿಲ್ಲ. ಹಳೆಯ ಕಾಲದ ಆಲಿಮರು ತಮ್ಮ ಅಭಿಪ್ರಾಯ ಬರೆದು ಮುಗಿಸಿ ಕೊನೆಗೆ 'ವಲ್ಲಾಹು ಅಅಲಮ್' ಎಂದು ಸೇರಿಸುತ್ತಿದ್ದರು. ಪ್ರಯೋಗಾಲಯದವರು ತಮ್ಮ ಸಂಖ್ಯೆಯ ಮುಂದೆ ಕೂಡು-ಕಳೆ ಚಿಹ್ನೆ ಹಾಕುತ್ತಾರೆ. ಎರಡೂ ಒಂದೇ ಎಂದು ನಾನು ಹೇಳುವುದಿಲ್ಲ. ಆದರೆ ತಿಳಿದಷ್ಟು ಹೇಳಿ ನಿಲ್ಲಿಸುವ ಅದಬು ಎರಡರಲ್ಲೂ ಇದೆ. ಆ ಅದಬು ಇಲ್ಲದಿದ್ದದ್ದು ಮಿತ್ರರಿಗೂ ನನಗೂ.

ಮನುಷ್ಯರು ಎಲ್ಲ ಕಡೆ ಹೀಗೆಯೇ. ಇಟಲಿಯ ತೂರಿನ್ ನಗರದಲ್ಲಿ ಏಸುವಿನ ಶವವಸ್ತ್ರವೆಂದು ಹಲವರು ನಂಬುವ ಬಟ್ಟೆಯನ್ನು 1988ರಲ್ಲಿ ಮೂರು ಪ್ರಯೋಗಾಲಯಗಳು ಅಳೆದವು. ನಾರಿನ ಕಾಲ 1260ರಿಂದ 1390ರೊಳಗೆ ಎಂದು ಬಂತು. ಅದನ್ನು ಲೋಕಕ್ಕೆ ಹೇಳಿದವರು ತೂರಿನ್ನಿನ ಕಾರ್ಡಿನಲ್ ಅವರೇ. ಒಪ್ಪದವರು ಇಂದಿಗೂ ಇದ್ದಾರೆ, ಬಟ್ಟೆಯ ಮುಂದೆ ಪ್ರಾರ್ಥಿಸುವವರೂ ಇದ್ದಾರೆ. ನಮ್ಮ ದೇಶದಲ್ಲಿ 2022ರಲ್ಲಿ ವಾರಾಣಸಿಯ ಜ್ಞಾನವಾಪಿ ಮಸೀದಿಯ ಕೊಳದಲ್ಲಿ ಕಂಡ ಕಲ್ಲಿನ ರಚನೆಗೆ ಕಾರ್ಬನ್ ಪರೀಕ್ಷೆ ಮಾಡಿಸಬೇಕೆಂದು ನ್ಯಾಯಾಲಯಕ್ಕೆ ಅರ್ಜಿ ಹೋಯಿತು. ಆ ಅಕ್ಟೋಬರಿನಲ್ಲಿ ಜಿಲ್ಲಾ ನ್ಯಾಯಾಲಯ ಒಪ್ಪಲಿಲ್ಲ. 2023ರ ಮೇ ತಿಂಗಳಲ್ಲಿ ಹೈಕೋರ್ಟು ವೈಜ್ಞಾನಿಕ ಪರೀಕ್ಷೆಗೆ ಒಪ್ಪಿತು, ಒಂದೇ ವಾರದಲ್ಲಿ ಸುಪ್ರೀಂ ಕೋರ್ಟು ಅದನ್ನು ತಡೆಹಿಡಿಯಿತು. ಆ ದಿನಗಳಲ್ಲಿ ಟಿವಿಯಲ್ಲಿ ಎರಡೂ ಕಡೆಯವರು ಕೂಗಾಡುವುದನ್ನು ಕೇಳುತ್ತ ನನಗೆ ನಮ್ಮ ಸರ್ ನೆನಪಾಗುತ್ತಿದ್ದರು. ಕಲ್ಲು ಎಂದೂ ಉಸಿರಾಡಿದ್ದಲ್ಲ, ಅದಕ್ಕೆ ಅಂಗಡಿ ತೆರೆದದ್ದೂ ಇಲ್ಲ, ಮುಚ್ಚಿದ್ದೂ ಇಲ್ಲ. ಅದಕ್ಕೆ ಅಂಟಿದ ಸುಣ್ಣವನ್ನೋ ಅಡಿಯಲ್ಲಿ ಸಿಕ್ಕ ಇದ್ದಿಲನ್ನೋ ಅಳೆಯಬಹುದು, ಕಲ್ಲಿನ ವಯಸ್ಸನ್ನು ಈ ಗಡಿಯಾರ ಹೇಳಲಾರದು. ಅಷ್ಟನ್ನು ಮೊದಲೇ ಹೇಳಿದವರ ದನಿ ಆ ಗದ್ದಲದಲ್ಲಿ ಕೇಳಿಸಲಿಲ್ಲ.

ಇನ್ನು ಅಮ್ಮನ ವಿಷಯ. 2019ರ ಡಿಸೆಂಬರಿನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆ ಬಂತು. ಅದರ ಬೆನ್ನಿಗೆ ದೇಶವ್ಯಾಪಿ ಪೌರತ್ವ ನೋಂದಣಿಯೂ ಬರುತ್ತದೆಂಬ ಮಾತು ಹಬ್ಬಿತು. ಆ ನೋಂದಣಿ ನಮ್ಮಲ್ಲಿಗೆ ಬರಲಿಲ್ಲ. ಆದರೆ ಆ ಚಳಿಗಾಲ ನಮ್ಮ ಓಣಿಯ ಜನ ಹಳೆಯ ಟ್ರಂಕುಗಳನ್ನು ಸೋಸಿದ್ದು ನನಗೆ ಮರೆಯದು. ಅಮ್ಮನ ನಾಲ್ಕು ವಯಸ್ಸುಗಳನ್ನು ಒಂದು ಮಾಡಿಸಲು ನಾನು ಕಚೇರಿಯೊಂದಕ್ಕೆ ಐದಾರು ಸಲ ಅಲೆದೆ. ಅಲ್ಲಿಯ ಗುಮಾಸ್ತರು ಸಭ್ಯರೇ. "ಹುಟ್ಟಿದ್ದಕ್ಕೆ ದಾಖಲೆ ಕೊಡ್ರಿ" ಎನ್ನುತ್ತಿದ್ದರು. ಪೊಲೀಸ್ ಆಕ್ಷನ್, ಬಿಳಿಜೋಳದ ಸುಗ್ಗಿ ಎಂದರೆ ಅದನ್ನು ಯಾವ ಕಾಲಂನಲ್ಲಿ ಬರೆಯುವುದು ಎಂದು ಕೇಳುತ್ತಿದ್ದರು.

ಕಾರ್ಬನ್-14 ಕಂಡುಹಿಡಿದ ಇಬ್ಬರಲ್ಲಿ ಸ್ಯಾಮ್ ರೂಬೆನ್ 1943ರಲ್ಲಿ ವಿಷಾನಿಲದ ಅಪಘಾತದಲ್ಲಿ 29ನೆಯ ವಯಸ್ಸಿಗೇ ಸತ್ತರೆಂದು ನಾನು ಓದಿದ್ದು ಆ ದಿನಗಳಲ್ಲೇ. ಮಾರ್ಟಿನ್ ಕಾಮೆನ್ ವಲಸೆ ಬಂದವರ ಮಗ. ಅವರ ನಿಷ್ಠೆಯ ಮೇಲೆ ಅನುಮಾನಪಟ್ಟು 1944ರಲ್ಲಿ ಕೆಲಸದಿಂದ ತೆಗೆದರು. ಆಮೇಲೆ ವರ್ಷಗಟ್ಟಲೆ ಅವರಿಗೆ ಪಾಸ್‌ಪೋರ್ಟು ಕೊಡಲಿಲ್ಲ. ಕಾನೂನಿನ ದಾರಿಯಲ್ಲಿ ಹೋರಾಡಿ ಅದು ಕೈಗೆ ಬರುವ ಹೊತ್ತಿಗೆ 1955 ಆಗಿತ್ತು. ಐವತ್ತು ಸಾವಿರ ವರ್ಷ ಹಿಂದಿನ ಮೂಳೆಗೂ ಕಾಲದ ಗುರುತು ಕೊಡಬಲ್ಲ ವಸ್ತುವನ್ನು ಕಂಡುಹಿಡಿದವರು ತಮ್ಮ ಕಾಗದಕ್ಕಾಗಿ ಅಲೆದಿದ್ದರು. ಕಚೇರಿಯ ಬೆಂಚಿನ ಮೇಲೆ ಕುಳಿತು ಇದನ್ನು ನೆನೆದಾಗ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತು.

ಕಾರ್ಬನ್ ಅಮ್ಮನ ವಯಸ್ಸು ಹೇಳೀತೇ ಎಂದೂ ಒಮ್ಮೆ ಯೋಚಿಸಿದೆ. ಹೇಳದು. ಬದುಕಿದ್ದವರ ಅಂಗಡಿ ಇನ್ನೂ ತೆರೆದಿರುತ್ತದೆ. ಒಂದು ಅಪವಾದವಿದೆ. 1950ರ ದಶಕದಿಂದ 1963ರ ಒಪ್ಪಂದದವರೆಗೆ ಅಮೆರಿಕ, ರಷ್ಯಾ, ಬ್ರಿಟನ್ ಬಯಲಿನಲ್ಲಿ ಅಣುಬಾಂಬುಗಳನ್ನು ಸಿಡಿಸಿದಾಗ ಗಾಳಿಯಲ್ಲಿ ಕಾರ್ಬನ್-14 ಹೆಚ್ಚುಕಡಿಮೆ ಇಮ್ಮಡಿಯಾಯಿತು. ಆಮೇಲೆ ನಿಧಾನವಾಗಿ ಇಳಿಯಿತು. ಹಲ್ಲಿನ ಹೊರಪದರ ಒಮ್ಮೆ ಮೂಡಿದರೆ ಬದಲಾಗದು. ಆದ್ದರಿಂದ ಬಾಂಬಿನ ಕಾಲದಲ್ಲೂ ಆಮೇಲೂ ಮೂಡಿದ ಹಲ್ಲಿನಿಂದ ಹುಟ್ಟಿದ ವರ್ಷವನ್ನು ಒಂದೆರಡು ವರ್ಷದ ಆಚೀಚೆ ಹೇಳಬಹುದೆಂದು 2005ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿದರು. ಇದನ್ನು ಅಮ್ಮನಿಗೆ ಹೇಳಿದೆ. ಅವಳು ಬಾಯಿ ತೆರೆದು ತೋರಿಸಿದಳು. ಎಲೆ, ಅಡಿಕೆ, ಸುಣ್ಣ ಸೇರಿ ಒಂದು ಹಲ್ಲನ್ನೂ ಉಳಿಸಿರಲಿಲ್ಲ. ಇಬ್ಬರೂ ನಕ್ಕೆವು.

2023ರ ಮಳೆಗಾಲದಲ್ಲಿ ಅಮ್ಮ ಹೋದಳು. ದಿನ, ಹೊತ್ತು, ವಾರ ಎಲ್ಲ ಗೊತ್ತಿದೆ. ಪ್ರಮಾಣಪತ್ರವೂ ಇದೆ.

ಕಲ್ಲು ಕೆತ್ತುವವನಿಗೆ ತಮ್ಮ ಆಧಾರಿನ ತಾರೀಖು ಹೇಳಲು ಬಾಯಿ ತೆರೆದ. ನಾನು ಬೇಡವೆಂದೆ. 1949 ಎಂದು ಬರೆಸಲೂ ನನಗೆ ಮನಸ್ಸಾಗಲಿಲ್ಲ. ಅದು ಅಮ್ಮ ಹೇಳಿದ್ದರ ಮೇಲೆ ನಾನು ಹಾಕಿದ ಲೆಕ್ಕ. ಅವಳು ಎಂದೂ ಸಂಖ್ಯೆ ಹೇಳಿದವಳಲ್ಲ. ಗೊತ್ತಿರುವ ತಾರೀಖನ್ನಷ್ಟೇ ಕೆತ್ತು ಎಂದೆ.

"ಅರ್ಧ ಖಾಲಿ ಕಾಣ್ತದಲ್ರಿ ಸಾಹೇಬ್ರ," ಎಂದ.

ಇರಲಿ ಎಂದೆ. ಅವನು ಅಕ್ಷರಗಳನ್ನು ಇನ್ನೊಮ್ಮೆ ಎಣಿಸಿ, ಕಡಿಮೆಯಾದಷ್ಟಕ್ಕೆ ದುಡ್ಡು ಹಿಡಿದುಕೊಂಡು ಲೆಕ್ಕ ಹೇಳಿದ.